ಭೀಮೆಯ ನೀರಿಗೆ ಬರೆದ ಪ್ರೋಗ್ರಾಂ

ನಮ್ಮಿಂದ ಒಂದು ಕಥೆ ಕೇಳದೆ, ತಂಡದ ಮುಖ್ಯಸ್ಥೆಯಾಗಿದ್ದ ಮೇಡಂ ಕೆಲಸ ಶುರುಮಾಡಲು ಬಿಡುತ್ತಿರಲಿಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳು. ಅಫಜಲಪುರದ ಕಡೆ ಭೀಮಾ ನದಿ ಏರಿದರೆ, ಕೆಳಗೆ ಯಾವ ಊರನ್ನು ಮೊದಲು ಖಾಲಿ ಮಾಡಿಸಬೇಕೆಂದು ಹೇಳುವ ಕಂಪ್ಯೂಟರ್ ಪ್ರೋಗ್ರಾಂ ಅನ್ನು ನಾವು ನಾಲ್ವರು ಜೇವರ್ಗಿಯ ತಹಶೀಲ್ದಾರ್ ಕಚೇರಿಯಲ್ಲಿ ಕೂತು ಬರೆಯುತ್ತಿದ್ದೆವು.

ಮೇಡಂ ಗಲ್ಲಕ್ಕೆ ಕೈಯಿಟ್ಟು ಕೇಳುವರು: "ನದಿ ದಂಡಿಗೆ ಒಬ್ಬಾಕಿ ಬಾಣಂತಿ ಅದಾಳ. ನೀರು ಬಂತು. ಆಮ್ಯಾಲೆ?" ನಾವು ಏನು ಹೇಳಿದರೂ ಮತ್ತೆ "ಆಮ್ಯಾಲೆ?" ನಾವು ತಡವರಿಸಿದ ಕಡೆಯೇ ಪ್ರೋಗ್ರಾಂನಲ್ಲೂ ತಪ್ಪಿರುತ್ತಿತ್ತು.

ಉದ್ಘಾಟನೆಯ ಹಿಂದಿನ ದಿನ, "ಎಲ್ಲಾ ಬರೋಬ್ಬರಿ ಅದರಿ ಮೇಡಂ" ಎಂದೆ. ಅವರು ಕಂಪ್ಯೂಟರಿನ ಪ್ಲಗ್ ಕಿತ್ತರು. ಮತ್ತೆ ಹಚ್ಚಿದಾಗ ನಾವು ತುಂಬಿಸಿದ್ದ ನೀರಿನ ಮಟ್ಟದ ಅಂಕಿಗಳೆಲ್ಲ ಅಳಿಸಿಹೋಗಿದ್ದವು.

"ಮಳ್ಯಾಗ ಕರೆಂಟ್ ಇರ್ತದೇನಪಾ?"

ಉದ್ಘಾಟನೆಯನ್ನು ಮುಂದೂಡಿಸಿ, ತಹಶೀಲ್ದಾರ್ ಸಾಹೇಬರ ಬೈಗುಳವನ್ನು ತಾವೊಬ್ಬರೇ ತಿಂದರು. ನಾವು ತಪ್ಪು ತಿದ್ದಿದೆವು. ಆಮೇಲೂ ಅವರು ದಿನಾ ಪ್ಲಗ್ ಕಿತ್ತು ನೋಡುತ್ತಿದ್ದರು.

ಆ ಮಳೆಗಾಲ ಭೀಮೆ ನಿಜವಾಗಿಯೂ ಏರಿತು, ಕರೆಂಟೂ ಹೋಯಿತು. ಜನರೇಟರ್ ಹಚ್ಚಿದಾಗ ಅಂಕಿಗಳು ಹಾಗೆಯೇ ಇದ್ದವು. ಖಾಲಿ ಮಾಡಿಸಬೇಕಾದ ಊರಿನ ಹೆಸರು ಪರದೆಯ ಮೇಲೆ ಬಂತು. ಸಾಹೇಬರಿಗೆ ಅನುಮಾನ: "ಆ ಊರಿಗೆ ಇನ್ನೂ ನೀರೇ ಬಂದಿಲ್ಲ. ಮಶೀನ್ ಮಾತು ಕೇಳಿ ಲಾರಿ ಕಳಸ್ಲೇನು?"

ನಮ್ಮ ಒಂದು ಮಾತನ್ನೂ ಪರೀಕ್ಷಿಸದೆ ನಂಬದಿದ್ದ ಮೇಡಂ ಎದ್ದು ನಿಂತರು.

"ಕಳಸ್ರಿ ಸರ್. ನಮ್ಮ ಹುಡುಗ್ರು ಬರದದ್ದು. ಜವಾಬ್ದಾರಿ ನಂದು."

ಲಾರಿಗಳು ಹೊರಟವು. ಸಂಜೆ ನೀರು ಹೊಕ್ಕಾಗ ಆ ಊರಿನಲ್ಲಿ ಒಂದು ಆಡೂ ಉಳಿದಿರಲಿಲ್ಲ.