ಗೆರೆ ತಾತನ ಸುಣ್ಣ

ಬೀದಿಯ ಕೊನೆಗಿದ್ದ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವುದು ಅವನ ನೌಕರಿ. ಊರಿಗೆಲ್ಲ ಅವನು ಗೆರೆ ತಾತ. ಸುಣ್ಣ ಕಲಸಿ, ಹಳೇ ಬಟ್ಟೆಯಲ್ಲಿ ಸೋಸಿ, ಎದುರಿನ ಗೂಟದ ಮೇಲೆ ಕಣ್ಣು ನೆಟ್ಟು ಹಿಂದೆ ಹಿಂದೆ ನಡೆಯುತ್ತ ಎಳೆಯುತ್ತಿದ್ದ. "ಮುಂದೆ ನಡೆದ್ರೆ ಕಾಲು ಗೆರೆ ಅಳಿಸುತ್ತೆ, ಹಿಂದೆ ನಡೆದ್ರೆ ಕಣ್ಣು ಗೆರೆ ಕಾಯುತ್ತೆ" ಎಂದು ಅವನಪ್ಪ ಕಲಿಸಿದ್ದ. ಆ ಗೆರೆಗಳ ನಡುವೆ ಓಡಿ ಬೆಳೆದ ಮಗಳು ಈಗ ದಿನಾ ಸಂಜೆ ಬೀದಿಯ ಮಕ್ಕಳಿಗೆ ಅಲ್ಲೇ ಓಟ ಕಲಿಸುತ್ತಿದ್ದಳು. ಅಪ್ಪ ಮಗಳಿಬ್ಬರಿಗೂ ಆ ಮಣ್ಣೇ ಉಸಿರು.

ಅಷ್ಟರಲ್ಲಿ ಊರಿಗೆ ದೇಶದೇಶಗಳ ಆಟ ಬರುತ್ತದೆಂದು ಡಂಗುರವಾಯಿತು. ಎರಡು ಬೀದಿಯಾಚೆ ಕ್ರೀಡಾಂಗಣ ಎದ್ದಿತು. ಹೇಳಿದ ಖರ್ಚೇ ಒಂದು, ಆದದ್ದು ಅದರ ಮೂರರಷ್ಟು, ಆದರೂ ಚಾವಣಿ ಅರ್ಧವೇ. ಮೂಗಿಗಿಂತ ಮೂಗುತಿ ಭಾರ. ಆ ಭಾರಕ್ಕೆ ಮೊದಲು ಬೀದಿಯ ಆಸ್ಪತ್ರೆಗೆ ಬೀಗ ಬಿತ್ತು. ಆಮೇಲೆ ಮೈದಾನದ ನಲ್ಲಿ ಒಣಗಿತು. ಕೊನೆಗೆ ಸುಣ್ಣ ಬರುವುದೂ ನಿಂತಿತು.

ಹೀಗಿರುವಾಗ ಒಂದು ಬೆಳಿಗ್ಗೆ ನಗರಸಭೆಯ ಲಾರಿ ಮೂಟೆಗಟ್ಟಲೆ ಸುಣ್ಣ ಇಳಿಸಿತು. "ತಾತ, ಮೈದಾನಕ್ಕೆ ಗೆರೆ ಹಾಕ್ಬಿಡು. ಆಟಕ್ಕೆ ಬೇಕಂತೆ" ಎಂದು ಮೇಸ್ತ್ರಿ ಹೇಳಿ ಹೋದ.

"ಏನ್ರೀ, ಮದುವೆ ಗಂಡಿನ ಹಾಗೆ ಹೊರಟ್ರಿ? ಸೊಂಟ ನೋವು ಎಲ್ಲಿ ಹೋಯ್ತು?" ಎಂದಳು ಹೆಂಡತಿ.

"ಆಟಗಾರರು ನಮ್ಮಲ್ಲೇ ಅಭ್ಯಾಸ ಮಾಡ್ತಾರೆ ಕಣೆ."

"ಹೂಂ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ."

ಇಡೀ ದಿನ ಹಿಂದೆ ನಡೆದು ಅವನು ಓಟದ ಸುತ್ತುಗಳನ್ನು ಬರೆದ. ಸಂಜೆ ಮಗಳು ಬರಿಗಾಲಲ್ಲಿ ಒಂದು ಸುತ್ತು ಓಡಿ, "ಅಪ್ಪಾ, ಕೂದಲೆಳೆಯಷ್ಟೂ ಸೊಟ್ಟ ಇಲ್ಲ" ಎಂದಳು.

ಮರುದಿನ ಎಂಜಿನಿಯರ್ ಬಂದು ನೋಡಿ ನಕ್ಕ. "ಇದೇನ್ರೀ ಯಜಮಾನ್ರೇ, ಹಾವು ಹರಿದ ಹಾಗೆ? ಕಾರು ಹೀಗೆ ನಿಲ್ತಾವಾ?"

"ಆಟಕ್ಕೆ ಅಂದ್ರಲ್ಲ ಸ್ವಾಮಿ?"

"ಆಟ ನೋಡೋಕೆ ಬರೋರ ಕಾರಿಗೆ. ಕ್ರೀಡಾಂಗಣದಲ್ಲಿ ಕಾರಿಗೆ ಅಂತ ತೋಡಿದ ನೆಲಮಾಳಿಗೆ ದುಡ್ಡು ಸಾಲದೆ ನಿಂತೋಗಿದೆ."

"ಆಟ ಮುಗಿದ ಮೇಲಾದ್ರೂ ಬಿಟ್ಟುಕೊಡ್ತೀರಾ?"

"ಚಾವಣಿ ಖರ್ಚು ಹುಟ್ಟಬೇಕಲ್ಲ. ನಿಮ್ಮ ಮೊಮ್ಮಕ್ಕಳು ಮುದುಕರಾಗೋವರೆಗೂ ಕಾರು ನಿಲ್ಲಿಸೋಕೆ ಗುತ್ತಿಗೆ ಆಗಿದೆ." ಮೇಸ್ತ್ರಿಯತ್ತ ತಿರುಗಿ, "ಇದನ್ನ ಪೊರಕೆ ಹಾಕಿ ಅಳಿಸಯ್ಯ" ಎಂದ.

"ಪೊರಕೆ ಬೇಡ" ಎಂದ ತಾತ.

ಚಪ್ಪಲಿ ಬಿಚ್ಚಿಟ್ಟು, ತಾನೆಳೆದ ಗೆರೆಯ ಮೇಲೆ ಕಾಲು ಉಜ್ಜುತ್ತ ಮುಂದೆ ಮುಂದೆ ನಡೆದ. ಸುತ್ತೆಲ್ಲ ಅಳಿದ ಮೇಲೆ ಗೂಟ ಕಿತ್ತು ಬೇರೆ ಕಡೆ ನೆಟ್ಟ.

ಸಂಜೆ ಮಕ್ಕಳು ಬಂದಾಗ ಮೈದಾನದ ತುಂಬ ನೆಟ್ಟನೆಯ ಚೌಕಗಳು. ಮಗಳು ಮೊಣಕಾಲವರೆಗೆ ಬೆಳ್ಳಗಾಗಿದ್ದ ಅಪ್ಪನ ಕಾಲನ್ನು ನೋಡಿದಳು, ಮಕ್ಕಳನ್ನು ಮನೆಗೆ ಕಳಿಸಿದಳು.