ಹೆಚ್ಚಾದ ಒಂದು ಎಲ್

ತೊಂಬತ್ತರ ದಶಕದ ಮಾತು. ಕಮಲಾಪುರದಲ್ಲಿ ಒಕ್ಕಲುತನ ನೋಡಿಕೊಳ್ಳುತ್ತಿದ್ದ ನನ್ನ ಭಾವನವರು ಒಂದು ಮಧ್ಯಾಹ್ನ ಕಲಬುರಗಿಯ ನಮ್ಮ ಮನೆಗೆ ಬಂದರು. ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, ಅದಕ್ಕಂಟಿದ್ದ ಅಡಿಕೆ ಚೂರು ಕೊಡವಿದರು.

"ಕೃಷಿ ಇಲಾಖೆಯವರು ಕೊಟ್ಟಾರ. ಮಣ್ಣು ಚಲೋ ಇಡೂದು ಹ್ಯಾಂಗ ಅಂತ ಬರದಾರಂತ. ಎಲ್ಲಾ ಇಂಗ್ಲಿಷ್. ನೀ ಕಾನ್ವೆಂಟ್ ಕಲ್ತಾಕಿ, ಓದಿ ಹೇಳು. ನಾಳೆ ಕಟ್ಟಿ ಮ್ಯಾಲ ಮಂದಿಗೆ ಹೇಳಬೇಕು."

ಮೇಲೆ ದಪ್ಪಕ್ಷರದಲ್ಲಿ 'ನೋ ಟಿಲ್' ಎಂದಿತ್ತು, ಕೊನೆಗೆ ಎರಡು ಎಲ್. ಟಿಲ್ ಎಂದರೆ 'ತನಕ' ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. 'ತನಕ ಬೇಡ' ಎಂದರೆ ಅರ್ಥವಾಗುವುದಿಲ್ಲ. ಆದರೆ ಬಜಾರಿನ ಉರ್ದುವಿನಲ್ಲಿ ತಿಲ್ ಎಂದರೆ ಎಳ್ಳು. ನಮ್ಮ ಮನೆಯ ಮರಾಠಿಯಲ್ಲೂ ತೀಳ. ಅಚ್ಚು ಹಾಕಿದವರು ಒಂದು ಎಲ್ ಹೆಚ್ಚಿಗೆ ಇಟ್ಟಿದ್ದಾರೆಂದು ಮಗಳ ಕೆಂಪು ಪೆನ್ಸಿಲಿನಿಂದ ಅದನ್ನು ಹೊಡೆದುಹಾಕಿದೆ.

"ಎಳ್ಳು ಬಿತ್ತಬಾರದಂತ್ರಿ."

"ಎಳ್ಳು ಮಣ್ಣಿಗೇನ್ ಮಾಡ್ತದ?"

"ಅದು ಬರದಿಲ್ರಿ."

ಕೊಯ್ಲಿನ ನಂತರ ದಂಟನ್ನು ಹೊಲದಲ್ಲೇ ಬಿಡಬೇಕು, ಎರೆಹುಳ ಉಳಿಸಬೇಕು ಎಂಬುದನ್ನೆಲ್ಲ ಮಾತ್ರ ಸರಿಯಾಗಿಯೇ ಹೇಳಿದೆ.

ನಾಲ್ಕು ದಿನಕ್ಕೆ ಅವರ ಹೆಂಡತಿ, ನಮ್ಮ ವೈನಿ, ಬಂದಿಳಿದರು. ಒಂದು ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು.

"ಬದುವಿನ ಮಗ್ಗಲಿನ ಹೊಲದ ಪಟ್ಟಿ ನನ್ನದು. ಅದರ ಎಳ್ಳಿನ ಉಂಡೀನೇ ಪ್ರತಿ ಸಂಕ್ರಮಣಕ್ಕ ನನ್ನ ತವರಿಗೆ ಹೋಗೂದು. ಈಗ ನಿಮ್ಮ ಭಾವ ಬಿತ್ತಬ್ಯಾಡ ಅಂತ ಕುಂತಾರ. ಮಿರಗದ ಮಳಿ ಬಿದ್ದದ, ನಾಳೆ ನಾಡದು ಬಿತ್ತದಿದ್ರ ಹೋತು. ಎಳ್ಳು ನಿನಗೇನ್ ಮಾಡಿತ್ತ?"

ಅಟ್ಟದಿಂದ ಶಾಲೆಯ ಡಿಕ್ಷನರಿ ಇಳಿಸಿದೆ. ಟಿಲ್: ತನಕ. ಅದರ ಕೆಳಗೆ, ಜನ್ಮದಲ್ಲಿ ನಾನು ಕಣ್ಣು ಹಾಯಿಸದ ಸಾಲಿನಲ್ಲಿ: ಉಳು.

ವೈನಿಗೆ ನಗು ತಡೆಯಲಾಗಲಿಲ್ಲ. "ಒಂದ್ ಎಲ್ ಹೊಡದು ನನ್ನ ಎಳ್ಳೆಲ್ಲಾ ಹೊಡದಿದ್ಯಲ್ಲಾ!"

ಅವತ್ತೇ ಇಬ್ಬರೂ ಬಸ್ಸು ಹಿಡಿದೆವು. ಕಮಲಾಪುರದ ಕಟ್ಟೆಯ ಮೇಲೆ ಐದಾರು ರೈತರ ನಡುವೆ ಭಾವನವರು ಕೂತಿದ್ದರು. ಸೆರಗು ಸರಿಮಾಡಿಕೊಂಡು ಹೇಳಿದೆ: "ನನ್ನದು ತಪ್ಪಾಗ್ಯದ್ರಿ. ಎಳ್ಳು ಬ್ಯಾಡ ಅಂತಲ್ಲ, ಉಳೂದು ಬ್ಯಾಡ ಅಂತದ. ನೇಗಿಲ ಹೊಡೀಲಾರದ ಬಿತ್ತಬೇಕಂತ್ರಿ."

ಒಬ್ಬ ಅಜ್ಜ ರುಮಾಲು ತೆಗೆದು ತಲೆ ಕೆರೆದು ಮತ್ತೆ ಸುತ್ತಿಕೊಂಡ. "ತಂಗೀ, ಎಳ್ಳು ಬ್ಯಾಡ ಅಂದಿದ್ದೇ ನಂಬೂ ಹಂಗಿತ್ತು. ಇನ್ನೊಮ್ಮೆ ಬುಕ್ ನೋಡವಾ."

ಉಳದೆ ಬಿತ್ತಲು ಯಾರು ಹೊಲ ಕೊಡುತ್ತಾರೆ? ಭಾವನವರು ಕೂಡ ಮೋಡ ನೋಡತೊಡಗಿದರು.

"ನನ್ನ ಪಟ್ಟಿ ಅದ ಅಲ್ಲ," ಎಂದರು ವೈನಿ. "ಅಲ್ಲೇ ಉಳಲಾರದ ಬಿತ್ತತೀನಿ. ನನ್ನ ಎಳ್ಳೂ ಆತು, ನಿಮ್ಮ ನೋ ಟಿಲ್ಲೂ ಆತು."

ಸಂಕ್ರಮಣಕ್ಕೆ ವೈನಿಯಿಂದ ಎಳ್ಳಿನ ಉಂಡೆಯ ಡಬ್ಬಿ ಬಂತು. ತವರಿಗೂ ಒಂದು ಹೋಗಿತ್ತಂತೆ. ಪಟ್ಟಿಯಲ್ಲಿ ಎರೆಹುಳ ಕಂಡ ಅಜ್ಜ ತನ್ನದೂ ಒಂದು ಮೂಲೆ ಉಳದೆ ಬಿಡುತ್ತಾನಂತೆ. ಮುಚ್ಚಳದ ಮೇಲೆ ವೈನಿ ಇಂಗ್ಲಿಷಿನಲ್ಲಿ ಟಿಲ್ ಎಂದು ಬರೆಸಿದ್ದರು. ಎಲ್‌ಗಳನ್ನು ಎಣಿಸಿದೆ. ಮೂರಿದ್ದವು, ನಾನೊಂದು ಹೊಡೆದುಹಾಕಿದರೂ ಕೊರತೆಯಾಗದ ಹಾಗೆ.