ಒಂದು ಅಕ್ಷರ ಹೆಚ್ಚಾಗಿ

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ತಂಗಿಯ ಫೋನು ಬಂತು. ನಾನು ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲಿದ್ದೆ.

“ಅಣ್ಣಾ, ಪೊಲೀಸರು ಬಂದಾರ. ಲ್ಯಾಪ್‌ಟಾಪ್ ಕೊಡ್ರಿ ಅಂತ ಮಾಂಗ್ತಾ ಇದ್ದಾರ.”

ಹಿಂದಿನಿಂದ ಅವ್ವನ ದನಿ: “ಮೊದ್ಲ ಕೂಡ್ರಿ, ಚಹಾ ತಗೋರಿ.”

ಸಾಫ್ಟ್‌ವೇರಿನ ದೋಷ ಹುಡುಕುವುದು ತಂಗಿಯ ಉದ್ಯೋಗ. ಹಿಂದಿನ ವಾರ ಒಂದು ಸರ್ಕಾರಿ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಅವ್ವನ ರಕ್ತಪರೀಕ್ಷೆಯ ವರದಿ ನೋಡುತ್ತಿದ್ದಳು. ಆಸ್ಪತ್ರೆಯವರು ಟೆಂಡರ್ ಕರೆದು ಹೊಸದಾಗಿ ಕೊಂಡಿದ್ದ ವ್ಯವಸ್ಥೆ ಅದು. ಅನುಮಾನ ಬಂದು ಆ ಪುಟದ ವಿಳಾಸದ ಕೊನೆಯ ಅಂಕಿ ಬದಲಿಸಿದಳು. ಬೇರೆ ಯಾರದೋ ವರದಿ ಬಂತು. ಕೂಡಲೇ ಮುಚ್ಚಿದಳು. ಆಸ್ಪತ್ರೆಗೆ ತಿಳಿಸಬೇಕೆಂದಳು. ಮರಾಠಿಯಲ್ಲಿದ್ದರೆ ಬೇಗ ಓದುತ್ತಾರೆಂದು ಅವಳ ಹೆಸರಿನಲ್ಲಿ ಪತ್ರ ಬರೆದವನು ನಾನು.

ತಂಗಿಯನ್ನು ಕರೆದೊಯ್ದಿದ್ದ ಗೋರೆಗಾಂವ್‌ನ ಠಾಣೆಯಲ್ಲಿ ಅಧಿಕಾರಿ, ಆಸ್ಪತ್ರೆಯವರು ದೂರಿನೊಂದಿಗೆ ಕೊಟ್ಟಿದ್ದ ಆ ಪತ್ರವನ್ನು ನನ್ನ ಮುಂದಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟರು. ವೆಬ್‌ಸೈಟಿನ ಬೀಗ ‘ಉಘಡಂ ಹೋತಂ’, ಅಂದರೆ ತೆರೆದೇ ಇತ್ತು, ಎಂದು ಬರೆಯಬೇಕಿತ್ತು. ‘ಉಘಡಲಂ ಹೋತಂ’ ಎಂದು ಬರೆದಿದ್ದೆ. ನಡುವೆ ಒಂದು ‘ಲ’ ಸೇರಿ, ಬೀಗ ತೆಗೆಯಲಾಗಿತ್ತು ಎಂದಾಗಿತ್ತು.

“ತಾಲಾ ಕಿಸ್ನೇ ಖೋಲಾ?” ಬೀಗ ತೆಗೆದವರು ಯಾರು ಎಂದು ಕೇಳಿದರು.

ತಪ್ಪು ನನ್ನದು, ನಾವು ವಿಜಾಪುರದವರು, ಮನೆಮಾತು ಕನ್ನಡ ಎಂದೆ. ಅವರು ನಗಲಿಲ್ಲ.

“ಮರಾಠಿ ತುಮ್ಹಾರಿ, ಜೇಲ್ ಬಹನ್ ಕೋ. ಔರ್ ಖುಲಾ ಥಾ ತೋ ಭೀ, ಅಂದರ್ ಜಾನೇ ಕೀ ಪರ್ಮಿಷನ್ ಕಿಸ್ನೇ ದೀ?”

ಮರಾಠಿ ನಿನ್ನದು, ಜೈಲು ತಂಗಿಗೆ; ತೆರೆದಿದ್ದರೂ ಒಳಗೆ ಹೋಗಲು ಅನುಮತಿ ಕೊಟ್ಟವರು ಯಾರು, ಎಂಬುದು ಅವರ ಮಾತು. ತಂಗಿ ಬೆಂಚಿನ ಮೇಲೆ ಕೂತು ತನ್ನ ಬೆರಳುಗಳನ್ನೇ ನೋಡುತ್ತಿದ್ದಳು.

ನಮ್ಮ ಬಿಲ್ಡಿಂಗಿನ ಬೆಳಗಾವಿಯ ವಕೀಲರು ಅಂದರು: “ಕೆಟ್ಟ ಉದ್ದೇಶ ಇತ್ತು ಅಂತ ಅವರು ತೋರಸಬೇಕು, ಖರೇ. ಆದ್ರ ಅಲ್ಲೀತನಕಾ ಓಡ್ಯಾಡೋರು ನೀವು. ಟೆಂಡರ್‌ನ್ಯಾಗ ಗಡುವು ಐತಿ, ದಂಡ ಐತಿ. ಹೊರಗಿನವರು ಬಂದು ತೂತು ತೋರಿಸಿದ್ರ ಏನ್ ಮಾಡಬೇಕು ಅನ್ನೋ ಸಾಲೇ ಇಲ್ಲ. ಅಂಥವರನ್ನ ಕಾಯೋ ಕಾಯ್ದೆನೂ ಇಲ್ಲ.”

“ಮತ್ ಯಾಕ ಹೇಳಾಕ್ ಹೋದ್ಲು ಇಕಿ?” ಎಂದಳು ಅವ್ವ.

“ನಿನ್ನ ರಿಪೋರ್ಟ್ ಭೀ ಹಂಗ ಖುಲ್ಲಾ ಇತ್ತವ್ವಾ,” ಎಂದಳು ತಂಗಿ.

ಲಿಫ್ಟು ನಮ್ಮ ಮಹಡಿಯಲ್ಲಿ ನಿಂತಾಗಲೆಲ್ಲ ಮತ್ತೆ ಪೊಲೀಸರೇನೋ ಎಂದು ಅವ್ವ ಬಾಗಿಲ ಕಿಂಡಿಯಲ್ಲಿ ಇಣುಕುತ್ತಿದ್ದಳು. ಕಣ್ಣು ಮುಚ್ಚಿದರೆ ನನಗೆ ಆ ಸಾಲು ಕಾಣುತ್ತಿತ್ತು; ಅಕ್ಷರವನ್ನು ಅಳಿಸುತ್ತಿದ್ದೆ, ಮತ್ತೆ ಮೂಡುತ್ತಿತ್ತು. ಈಗಲೂ ಒಮ್ಮೊಮ್ಮೆ ಮೂಡುತ್ತದೆ.

ಪೊಲೀಸರು ಆಸ್ಪತ್ರೆಯ ಕಂಪ್ಯೂಟರ್ ದಾಖಲೆ ತರಿಸಿ ನೋಡಿದಾಗ, ಅವ್ವನದಲ್ಲದೆ ತಂಗಿ ತೆರೆದದ್ದು ಒಂದೇ ವರದಿ, ಅದೂ ನಾಲ್ಕು ಸೆಕೆಂಡು. ಹತ್ತೊಂಬತ್ತನೆಯ ದಿನ, ದುರುದ್ದೇಶ ಕಾಣಲಿಲ್ಲವೆಂದು ಬರೆದು ಲ್ಯಾಪ್‌ಟಾಪ್ ಹಿಂದಿರುಗಿಸಿದರು. ಮುಂದೆ ಇಂಥದ್ದು ಕಂಡರೆ ಸುಮ್ಮನಿರಲು ಹೇಳಿದರು. ತಂಗಿ ಹೂಂ ಅನ್ನಲಿಲ್ಲ, ಲ್ಯಾಪ್‌ಟಾಪ್ ಪಡೆದದ್ದಕ್ಕೆ ಮಾತ್ರ ಸಹಿ ಮಾಡಿದಳು.

ಅಂದು ಶನಿವಾರ. ಮರುದಿನ ಎಂಟಾದರೂ ಅವಳ ಕೋಣೆಯ ಬಾಗಿಲು ಹಾಕಿಯೇ ಇತ್ತು. ಪ್ರತಿ ಭಾನುವಾರ ನನ್ನನ್ನು ಎಬ್ಬಿಸುತ್ತಿದ್ದವಳು ಇನ್ನೂ ನಿದ್ದೆಯಲ್ಲಿದ್ದಳು; ಅಂದು ಎಬ್ಬಿಸಿದ್ದು ಅವ್ವ.